ಕಾಗದದ ಕೊನೆಯ ಸಾಲು

ಮನೆಗೆ ಬಂದವರು ಹೊರಡುವುದೆಂದರೆ ನಮ್ಮಲ್ಲಿ ಅದೊಂದು ದೊಡ್ಡ ಕೆಲಸ. ‘ಬರ್ತೀನಿ’ ಎಂದು ಎದ್ದು ನಿಂತ ಮೇಲೆ ಕುಂಕುಮ ಇಟ್ಟುಕೊಳ್ಳುವುದಕ್ಕೆ ಐದು ನಿಮಿಷ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹತ್ತು ನಿಮಿಷ, ಗೇಟಿನ ಹತ್ತಿರ ನಿಂತು ಅರ್ಧ ಗಂಟೆ. ಒಳಗೆ ಕೂತು ಆಡಿದ್ದು ಬೆಲೆಯೇರಿಕೆಯ ಮಾತು; ಮಗಳಿಗೆ ಗಂಡು ನೋಡುತ್ತಿರುವುದು, ಸೊಸೆಯ ಜೊತೆ ಮನಸ್ತಾಪ ಆಗಿರುವುದು ಹೊರಬೀಳುವುದು ಗೇಟಿನ ಹತ್ತಿರವೇ. ಹೊರಡುವಾಗಲೂ ‘ಹೋಗ್ತೀನಿ’ ಎನ್ನುವಂತಿಲ್ಲ, ‘ಹೋಗಿ ಬರ್ತೀನಿ’ ಎನ್ನಬೇಕು. ಕೊನೆಯ ಮಾತು ಕೆಟ್ಟರೆ ಅಲ್ಲಿಯವರೆಗಿನ ಉಪಚಾರವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಕಾಗದ ಬರೆಯುವುದೂ ಹೀಗೆಯೇ. ಮೇಲೆ ‘ಕ್ಷೇಮ’ ಎಂದು ಬರೆದು, ತಾರೀಖು ಹಾಕಿ, ವಿಷಯವನ್ನೆಲ್ಲ ತುಂಬಿಸಿದ ಮೇಲೆ ಕೊನೆಗೆ ಏನು ಬರೆಯಬೇಕು ಎನ್ನುವಲ್ಲಿ ಪೆನ್ನು ನಿಲ್ಲುತ್ತದೆ. ಬರೆದವರಿಗೂ ಓದುವವರಿಗೂ ಇರುವ ನಂಟು ಏನು ಎಂಬುದನ್ನು ಆ ಒಂದು ಸಾಲಿನಲ್ಲಿ ಒಪ್ಪಿಕೊಂಡು ಹೆಸರು ಹಾಕಬೇಕಲ್ಲ!

ನಾನು ಮೂವತ್ತು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ನಮ್ಮದು ಚಿಕ್ಕ ಶಾಲೆಯಾದ್ದರಿಂದ ಎಂಟನೆಯ ತರಗತಿಯ ಕನ್ನಡವೂ ನನ್ನ ಪಾಲಿಗೇ ಬಂದಿದೆ. ಹೀಗಾಗಿ ಒಂದೇ ವಾರದಲ್ಲಿ ಎರಡು ಭಾಷೆಗಳ ಪತ್ರಲೇಖನವನ್ನೂ ಹೇಳಿಕೊಡುವ ಯೋಗ ನನ್ನದು. ಇಂಗ್ಲಿಷ್ ಪತ್ರದ ಒಡಲನ್ನು ಮಕ್ಕಳು ಹೇಗೋ ಬಾಯಿಪಾಠ ಮಾಡಿ ದಾಟಿಸಿಬಿಡುತ್ತಾರೆ. ಎಡವುವುದು ಕೊನೆಯಲ್ಲಿ. ‘ಯುವರ್ಸ್ ಫೇತ್‌ಫುಲಿ’ ಎಂಬ ಎರಡು ಪದಗಳಲ್ಲಿ ಎಷ್ಟು ಬಗೆಯ ತಪ್ಪು ಮಾಡಬಹುದು ಎಂದು ನೀವು ಊಹಿಸಲಾರಿರಿ. ವೈ ಚಿಕ್ಕದಾಗುತ್ತದೆ, ಎಫ್ ದೊಡ್ಡದಾಗುತ್ತದೆ, ಎಲ್ ಎರಡು ಇರುವ ಕಡೆ ಒಂದೇ ಉಳಿಯುತ್ತದೆ. ಇವೆಲ್ಲ ಸರಿಯಾದರೆ ‘ಯುವರ್ಸ್’ನ ಆರ್ ಮತ್ತು ಎಸ್ ನಡುವೆ ಒಂದು ಅಪಾಸ್ಟ್ರಫಿ ಬಂದು ಕೂತಿರುತ್ತದೆ, ಮದುವೆ ಮನೆಯಲ್ಲಿ ಕರೆಯದೆ ಬಂದ ನೆಂಟನ ಹಾಗೆ.

ಮೊದಲ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು, ಎರಡನೆಯ ಪದ ಚಿಕ್ಕಕ್ಷರದಲ್ಲೇ ಶುರುವಾಗಬೇಕು, ಆಮೇಲೆ ಒಂದು ಅಲ್ಪವಿರಾಮ, ಹೆಸರು ಕೆಳಗಿನ ಸಾಲಿಗೆ. ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ‘ಹರ್ಸ್’, ‘ಅವರ್ಸ್’, ‘ದೇರ್ಸ್’ ಎಂಬ ಮಾತುಗಳಿಗೆ ಅಪಾಸ್ಟ್ರಫಿ ಇಲ್ಲ, ಅವುಗಳ ತಂಗಿಯಾದ ‘ಯುವರ್ಸ್’ಗೂ ಇಲ್ಲ ಎನ್ನುತ್ತೇನೆ. ಎರಡು ವರ್ಷದ ಹಿಂದೆ ಮುಂದಿನ ಬೆಂಚಿನ ಒಬ್ಬ ಹುಡುಗಿ ಕೈಯೆತ್ತಿ, “ಮಿಸ್, ಫೇತ್‌ಫುಲಿ ಅಂದ್ರೆ ನಿಷ್ಠೆ ಅಂತೀರಿ. ನಿಷ್ಠೆಗೆ ಚಿಕ್ಕಕ್ಷರ ಹಾಕಿದ್ರೆ ಹೆಡ್‌ಮಾಸ್ಟರಿಗೆ ಬೇಜಾರಾಗಲ್ವಾ?” ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಆ ಪ್ರಶ್ನೆ ಮನೆಯವರೆಗೂ ಜೊತೆಗೆ ಬಂತು.

ಯೋಚಿಸಿ ನೋಡಿ, ನಮ್ಮ ಕನ್ನಡದ ಮಗುವಿಗೆ ಅಕ್ಷರದಲ್ಲಿ ದೊಡ್ಡದು ಚಿಕ್ಕದು ಎನ್ನುವುದೇ ಗೊತ್ತಿಲ್ಲ. ರಾಜನ ಹೆಸರಿನ ‘ರಾ’ವೂ ರಾಗಿಯ ‘ರಾ’ವೂ ಒಂದೇ ಗಾತ್ರ. ಗೌರವ ತೋರಿಸಬೇಕೆಂದರೆ ನಾವು ಅಕ್ಷರವನ್ನು ಹಿಗ್ಗಿಸುವುದಿಲ್ಲ, ಕ್ರಿಯಾಪದವನ್ನು ಬಾಗಿಸುತ್ತೇವೆ. ‘ನೀನು ಬಾ’, ‘ನೀವು ಬನ್ನಿ’, ‘ತಾವು ಬರಬೇಕು’ ಎಂದು ಮೂರು ಮೆಟ್ಟಿಲು ನಮಗಿವೆ. ಇಂಗ್ಲಿಷಿನಲ್ಲಿ ಮಗುವಿಗೂ ಮಂತ್ರಿಗೂ ಒಂದೇ ‘ಯೂ’. ಹಾಗಾಗಿ ಅಲ್ಲಿ ವಿನಯದ ಭಾರವೆಲ್ಲ ಪತ್ರದ ತಲೆಗೂ ಬಾಲಕ್ಕೂ ಬೀಳುತ್ತದೆ ಎಂದು ನನಗೆ ತೋರುತ್ತದೆ. ಇನ್ನೊಂದು ತಮಾಷೆ ಎಂದರೆ ಇಂಗ್ಲಿಷಿನಲ್ಲಿ ‘ನಾನು’ ಎನ್ನುವುದು ವಾಕ್ಯದ ಯಾವ ಮೂಲೆಯಲ್ಲಿ ಬಂದರೂ ದೊಡ್ಡಕ್ಷರ, ‘ನೀವು’ ಸಾಲಿನ ಮೊದಲಿಗೆ ಬಂದರೆ ಮಾತ್ರ ದೊಡ್ಡಕ್ಷರ. ಜರ್ಮನ್ ಭಾಷೆಯಲ್ಲಿ ಇದು ತಿರುವುಮುರುವು. ಅಲ್ಲಿ ಗೌರವದ ‘ನೀವು’ ಸದಾ ದೊಡ್ಡದು, ‘ನಾನು’ ಚಿಕ್ಕದು. ನಮ್ಮ ಹಿರಿಯರನ್ನು ಕೇಳಿದ್ದರೆ ಜರ್ಮನ್ನರ ಪದ್ಧತಿಗೇ ಓಟು ಹಾಕುತ್ತಿದ್ದರು.

ಆ ಹುಡುಗಿಗೆ ಮರುದಿನ ಹೀಗೆ ಹೇಳಿದೆ: “ಹಿಂದಿನ ಕಾಲದಲ್ಲಿ ಇದು ಇಡೀ ಒಂದು ವಾಕ್ಯವಾಗಿತ್ತು. ‘ತಮಗೆ ವಂದಿಸುತ್ತ, ಸ್ವಾಮಿ, ನಾನು ತಮ್ಮ ಅತ್ಯಂತ ವಿಧೇಯ ಸೇವಕನಾಗಿ ಉಳಿಯುತ್ತೇನೆ’ ಎಂದು ಸಾಹೇಬರೂ ಸಾಹೇಬರಿಗೆ ಬರೆಯುತ್ತಿದ್ದರು. ಕಾಲ ಹೋದಂತೆ ವಾಕ್ಯ ಸವೆದು ಸವೆದು ಈ ಎರಡು ಪದ ಉಳಿದಿದೆ. ‘ಥ್ಯಾಂಕಿಂಗ್ ಯೂ’ ಆದ ಮೇಲೆ ಪೂರ್ಣವಿರಾಮ ಇಡದೆ ಅಲ್ಪವಿರಾಮ ಇಡುವುದೂ ಅದಕ್ಕೇ, ಅದೂ ಆ ವಾಕ್ಯದ ತುಂಡು. ಸಾಲು ಹೊಸದು, ಆದ್ದರಿಂದ ಮೊದಲ ಅಕ್ಷರ ದೊಡ್ಡದು. ಮಿಕ್ಕದ್ದಕ್ಕೆ ಗೌರವವೂ ಇಲ್ಲ, ಅಗೌರವವೂ ಇಲ್ಲ.” ಹುಡುಗಿ ತಲೆಯಾಡಿಸಿದಳು. ಆಮೇಲೆ ಅವಳ ಎಫ್ ಎಂದೂ ದೊಡ್ಡದಾಗಲಿಲ್ಲ.

ಇನ್ನು ‘ಫೇತ್‌ಫುಲಿ’ ಎಲ್ಲಿ, ‘ಸಿನ್ಸಿಯರ್ಲಿ’ ಎಲ್ಲಿ ಎನ್ನುವ ಗೊಂದಲ. ‘ಡಿಯರ್ ಸರ್’ ಎಂದು ಶುರುವಾದರೆ ‘ಫೇತ್‌ಫುಲಿ’, ಹೆಸರು ಹಿಡಿದು ಶುರುವಾದರೆ ‘ಸಿನ್ಸಿಯರ್ಲಿ’. ಸರ್ ಮತ್ತು ಸಿನ್ಸಿಯರ್ಲಿ, ಈ ಎರಡು ಎಸ್‌ಗಳು ಓರಗಿತ್ತಿಯರ ಹಾಗೆ, ಒಂದೇ ಕಾಗದದಲ್ಲಿ ಹೊಂದುವುದಿಲ್ಲ ಎಂದು ಹೇಳಿಕೊಟ್ಟರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಅಮೆರಿಕದವರು ಇಷ್ಟೆಲ್ಲ ಮಡಿ ಮಾಡುವುದಿಲ್ಲ, ‘ಸಿನ್ಸಿಯರ್ಲಿ’ ಎಂದು ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ.

ಇರಲಿ, ನಮ್ಮ ಮನೆಯ ಕಾಗದಗಳಿಗೆ ಬರೋಣ. ‘ಇತಿ’ ಎಂಬುದು ಸಂಸ್ಕೃತ, ‘ಇಂತು’ ಎಂಬುದು ಅಚ್ಚಗನ್ನಡ. ಎರಡಕ್ಕೂ ‘ಹೀಗೆ’ ಎಂದೇ ಅರ್ಥ. ಇವೆರಡರ ನಡುವೆ ನಿಂತಂತೆ ಕಾಣುವ ‘ಇಂತಿ’ ನಮ್ಮ ಕಾಗದಗಳಲ್ಲಿ ಮನೆಮಗಳ ಹಾಗೆ ಓಡಾಡಿಕೊಂಡಿದೆ. ರಜೆ ಚೀಟಿಯಲ್ಲಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’, ಸರ್ಕಾರದ ಕಾಗದದಲ್ಲಿ ‘ತಮ್ಮ ನಂಬುಗೆಯ’, ದೊಡ್ಡವರಿಗೆ ಬರೆದರೆ ‘ತಮ್ಮ ಆಶೀರ್ವಾದ ಬೇಡುವ’, ಚಿಕ್ಕವರಿಗೆ ಬರೆದರೆ ‘ಇತಿ ಆಶೀರ್ವಾದಗಳು’. ಮದುವೆಯ ಕರೆಯೋಲೆಯಲ್ಲಿ ‘ತಮ್ಮ ಆಗಮನಾಭಿಲಾಷಿಗಳು’, ಉತ್ತರಕ್ರಿಯೆಯ ಕಾಗದದಲ್ಲಿ ‘ದುಃಖತಪ್ತ ಕುಟುಂಬವರ್ಗ’. ಕಾಗದದ ನಡುವಿನ ಭಾಗವನ್ನು ಮುಚ್ಚಿ ಕೊನೆಯ ಸಾಲನ್ನಷ್ಟೇ ತೋರಿಸಿದರೂ ಆ ಮನೆಯಲ್ಲಿ ಚಪ್ಪರ ಹಾಕಿದ್ದಾರೋ ದೀಪ ಹಚ್ಚಿಟ್ಟಿದ್ದಾರೋ ಹೇಳಬಹುದು.

ಕೊನೆಯಲ್ಲಿ ಗುರುತು ಹಾಕುವುದು ನಮಗೆ ಬ್ರಿಟಿಷರು ಕಲಿಸಿದ ವಿದ್ಯೆಯೇನೂ ಅಲ್ಲ. ಕನ್ನಡನಾಡಿನ ಎಷ್ಟೋ ಶಾಸನಗಳು ‘ಮಂಗಳ ಮಹಾಶ್ರೀ’ ಎಂದು ಮುಗಿಯುತ್ತವೆ. ವಿಜಯನಗರದ ಅರಸರ ತಾಮ್ರಶಾಸನಗಳಲ್ಲಿ ಒಳಗಿನ ಬರಹ ಸಂಸ್ಕೃತವಾಗಿದ್ದು ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಯ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಮಾತ್ರ ಕನ್ನಡ ಅಕ್ಷರದಲ್ಲಿರುತ್ತದೆ. ಅರಸ ತನ್ನ ಹೆಸರು ಹಾಕದೆ ದೇವರ ಹೆಸರು ಹಾಕಿದ. ನಮ್ಮ ವಚನಕಾರರೂ ದಾಸರೂ ಮಾಡಿದ್ದು ಅದನ್ನೇ. ಬಸವಣ್ಣನವರ ಕೂಡಲಸಂಗಮದೇವ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಪುರಂದರದಾಸರ ವಿಠಲ. ನಾನು ಯಾರು ಎನ್ನುವುದಕ್ಕಿಂತ ನಾನು ಯಾರವಳು ಎಂದು ಹೇಳುವ ಪದ್ಧತಿ ಅದು. ‘ಯುವರ್ಸ್’ ಎಂದರೂ ‘ನಿಮ್ಮವಳು’ ಎಂದೇ ತಾನೇ?

‘ನಿಮ್ಮವಳು’ ಎನ್ನುವುದು ಹೆಂಗಸರ ಕಾಗದದಲ್ಲಿ ಸಾಮಾನ್ಯವಾದ ಮಾತಲ್ಲ. ನಮ್ಮ ಅಜ್ಜಿಯ ಕಾಲದವರು ಗಂಡನಿಗೆ ಕಾಗದ ಬರೆದರೆ ‘ತಮ್ಮ ಚರಣದಾಸಿ’, ‘ಪಾದಸೇವಕಿ’ ಎಂದು ಮುಗಿಸುತ್ತಿದ್ದರು. ಬರೆಯಬೇಕಾದದ್ದು ಉಪ್ಪು ಮೆಣಸಿನಕಾಯಿ ಮುಗಿದಿದೆ, ಮಗುವಿಗೆ ಕೆಮ್ಮು ಎಂಬ ಸಂಗತಿ. ಕೊನೆಗೆ ಮಾತ್ರ ದಾಸಿ! ನಮ್ಮ ಅಮ್ಮನ ಕಾಲಕ್ಕೆ ದಾಸಿ ಹೋಗಿ ‘ಇತಿ ನಿಮ್ಮ’ ಎಂದು ಬರೆದು ಮುಂದೆ ಖಾಲಿ ಬಿಡುವುದು ಬಂತು. ಆ ಖಾಲಿ ಜಾಗದಲ್ಲಿ ಏನಿತ್ತೋ ಓದಿದವರಿಗೇ ಗೊತ್ತು. ನನ್ನ ಓರಗೆಯವರು ‘ನಿಮ್ಮ ಪ್ರೀತಿಯ’ ಎಂದು ಧೈರ್ಯವಾಗಿ ಬರೆದೆವು, ಇನ್‌ಲ್ಯಾಂಡಿನ ಅಂಚುಗಳಿಗೆ ಎರಡೆರಡು ಸಲ ಅಂಟು ಹಚ್ಚಿ. ಕಾರ್ಡಿಗೆ 15 ಪೈಸೆ ಇದ್ದ ದಿನಗಳಲ್ಲೂ ಇನ್‌ಲ್ಯಾಂಡಿಗೆ ಹೆಚ್ಚು ಕಾಸು ಕೊಟ್ಟದ್ದು ಆ ಅಂಟಿಗಾಗಿಯೇ ಎನ್ನಿ.

ಆದರೆ ಅಂಟು ಎಲ್ಲರಿಗೂ ಒದಗುವುದಿಲ್ಲ. ನಮ್ಮ ಅಕ್ಕನಿಗೆ 1986ರಲ್ಲಿ ಮದುವೆಯಾಯಿತು. ಬಯಲುಸೀಮೆಯ ಕಡೆಯ ದೊಡ್ಡ ಮನೆ, ದಿನಕ್ಕೆ ಇಪ್ಪತ್ತು ಎಲೆ. ಆ ಮನೆಯಲ್ಲಿ ಒಂದು ಕ್ರಮ ಇತ್ತು. ಸೊಸೆಯರಿಗೆ ಬಂದ ಕಾಗದವೂ ಸೊಸೆಯರು ಬರೆದ ಕಾಗದವೂ ಮಾವನವರ ಕಣ್ಣಿಗೆ ಬಿದ್ದೇ ಮುಂದಕ್ಕೆ ಹೋಗಬೇಕು. ಇದು ಮದುವೆಗೆ ಮೊದಲೇ ಹೇಗೋ ಅಮ್ಮನ ಕಿವಿಗೆ ಬಿದ್ದಿತ್ತು. ಅಮ್ಮ ಓದಿದ್ದು ನಾಲ್ಕನೆಯ ಕ್ಲಾಸು. ಅಕ್ಕನನ್ನು ಕಳಿಸಿಕೊಡುವ ದಿನ ಮಡಿಲಕ್ಕಿ ಕಟ್ಟುತ್ತ ಮೆಲ್ಲಗೆ ಹೇಳಿದಳು: “ನೋಡು, ಏನು ಬೇಕಾದ್ರೂ ಬರಿ, ಅವರ ಮನೇನ ಹೊಗಳಿ ಬರಿ. ನೀನು ಚೆನ್ನಾಗಿದ್ರೆ ಕೊನೇಲಿ ‘ಇತಿ ನಿಮ್ಮ ಪ್ರೀತಿಯ ಮಗಳು’ ಅಂತ ಹಾಕು. ಇಲ್ಲ ಅಂದ್ರೆ ಬರೀ ಹೆಸರು ಹಾಕು, ಸಾಕು.” ನಾನು ಪಕ್ಕದಲ್ಲೇ ಕೊಬ್ಬರಿ ಬಟ್ಟಲು ಹಿಡಿದುಕೊಂಡು ನಿಂತಿದ್ದೆ.

ತಿಂಗಳಿಗೊಂದರಂತೆ ಕಾಗದ ಬರುತ್ತಿತ್ತು. ಅಪ್ಪ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಕೇಳುತ್ತಿದ್ದಳು. ಕೊನೆಗೆ ‘ಪ್ರೀತಿಯ ಮಗಳು’ ಬಂದ ಕೂಡಲೇ ಒಳಗೆ ಹೋಗುತ್ತಿದ್ದಳು. 1987ರ ಮಳೆಗಾಲ, ನಾನು ಎರಡನೆಯ ಪಿಯುಸಿಯಲ್ಲಿದ್ದೆ. ಒಂದು ಕಾಗದ ಬಂತು. ಅತ್ತೆಯವರು ಮಗಳಂತೆ ನೋಡಿಕೊಳ್ಳುತ್ತಾರೆ, ಹಬ್ಬಕ್ಕೆ ಸೀರೆ ತಂದಿದ್ದಾರೆ, ಇಲ್ಲಿ ಒಳ್ಳೆಯ ಮಳೆ, ನೀವು ಯಾರೂ ಯೋಚನೆ ಮಾಡಬೇಡಿ. ಅಪ್ಪ ಓದಿ ಮಡಿಸಿ, “ಸುಖವಾಗಿದಾಳೆ” ಎಂದರು. ಅಮ್ಮ ಒಳಗೆ ಹೋಗಲಿಲ್ಲ. “ಕೊನೇ ಸಾಲು ಓದಲಿಲ್ಲವಲ್ಲ” ಎಂದಳು. “ಕೊನೇ ಸಾಲೇನು, ಹೆಸರು ಹಾಕಿದಾಳೆ.” ಅಮ್ಮ ಕಾಗದವನ್ನು ತಾನೇ ಕೈಗೆ ತೆಗೆದುಕೊಂಡು ಆ ಹೆಸರಿನ ಮೇಲೆ ಬೆರಳಿಟ್ಟು ನೋಡಿದಳು. ಹೆಸರಿನ ಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. “ಈ ರಾತ್ರಿ ಬಸ್ಸಿಗೇ ಹೊರಡಿ” ಎಂದಳು.

ಅಪ್ಪ ಹೋದಾಗ ಅಕ್ಕ ಮೂರು ತಿಂಗಳ ಬಸುರಿ. ಜ್ವರ ಬರಲು ಶುರುವಾಗಿ ಹದಿನೈದು ದಿನವಾಗಿತ್ತು. ಡಾಕ್ಟರಿಗೆ ತೋರಿಸಿರಲಿಲ್ಲ, ಒರಳಿನ ಮುಂದಿಂದ ಏಳಿಸಿಯೂ ಇರಲಿಲ್ಲ. ಬಾಣಂತನಕ್ಕೆ ಮುಂಚೆ ನಾಲ್ಕು ದಿನ ತವರಿಗೆ ಎಂದು ನಯವಾಗಿ ಹೇಳಿ ಅಪ್ಪ ಕರೆತಂದರು. ಇಲ್ಲಿನ ಡಾಕ್ಟರು ಇನ್ನೊಂದು ವಾರ ತಡವಾಗಿದ್ದರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದರು. ಅಕ್ಕ ಚೇತರಿಸಿಕೊಂಡಳು. ಹೆರಿಗೆಯೂ ನಮ್ಮ ಮನೆಯಲ್ಲೇ ಆಯಿತು. ಆಮೇಲೆ ಭಾವ ಕೆಲಸದ ಊರಿನಲ್ಲೇ ಬೇರೆ ಮನೆ ಮಾಡಿದರು. ಅವರು ಒಳ್ಳೆಯವರೇ, ಬಾಯಿ ಮಾತ್ರ ಇರಲಿಲ್ಲ. ಆ ಹೊಸ ಮನೆಯಿಂದ ಬಂದ ಮೊದಲ ಕಾಗದದ ಕೊನೆಯಲ್ಲಿ ‘ಪ್ರೀತಿಯ’ ಎಂಬ ಪದದ ಕೆಳಗೆ ಅಕ್ಕ ಎರಡು ಗೆರೆ ಎಳೆದಿದ್ದಳು. ಗುಟ್ಟು ಗೊತ್ತಿಲ್ಲದ ಅಪ್ಪ, “ಇವಳಿಗೆ ಗೆರೆ ಯಾಕೆ?” ಎಂದು ಕೇಳಿದರು.

ಅಂದಿನಿಂದ ಕೊನೆಯ ಸಾಲನ್ನು ಬರೀ ಒಕ್ಕಣೆ ಎಂದು ನಾನು ತಿಳಿದದ್ದಿಲ್ಲ. ಬಂಡೆದ್ದವರೂ ಅದನ್ನು ಎಚ್ಚರದಿಂದ ಬರೆದಿದ್ದಾರೆ. ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮೊದಲು, 1930ರ ಮಾರ್ಚ್ 2ರಂದು ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಒಂದು ದೀರ್ಘವಾದ ಕಾಗದ ಬರೆದರು. ರೆಜಿನಾಲ್ಡ್ ರೇನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನ ಕೈಯಲ್ಲೇ ಅದನ್ನು ಕಳಿಸಿದರು. ಬ್ರಿಟಿಷ್ ಆಳ್ವಿಕೆ ಶಾಪವೆಂದು ಏಕೆ ತಿಳಿದಿದ್ದೇನೆ, ಕಾನೂನನ್ನು ಏಕೆ ಮುರಿಯಲಿದ್ದೇನೆ ಎಂದು ಅದರಲ್ಲಿ ಬಿಚ್ಚಿ ಹೇಳಿದ್ದಾರೆ. ಆದರೆ ‘ಪ್ರಿಯ ಮಿತ್ರರೇ’ ಎಂದು ಶುರುಮಾಡಿದ ಕಾಗದವನ್ನು ‘ನಿಮ್ಮ ಪ್ರಾಮಾಣಿಕ ಮಿತ್ರ’ ಎಂದೇ ಮುಗಿಸಿದ್ದಾರೆ. ವಿಧೇಯ ಸೇವಕ ಎನ್ನಲಿಲ್ಲ, ವೈರಿ ಎಂದೂ ಅನ್ನಲಿಲ್ಲ. ತಮ್ಮವರಿಗೆ ಬರೆಯುವಾಗ ಅದೇ ಕೈ ‘ಬಾಪೂವಿನ ಆಶೀರ್ವಾದ’ ಎಂದು ಬರೆಯುತ್ತಿತ್ತು. ಇದನ್ನು ನಾನು ಹತ್ತನೆಯ ತರಗತಿಗೆ ತಪ್ಪದೆ ಹೇಳುತ್ತೇನೆ. ಜಗಳವಾಡಬೇಕಾದ ಕಾಗದಕ್ಕೂ ಒಂದು ಮರ್ಯಾದೆಯ ಕೊನೆ ಇರಬಹುದೆಂದು ಮಕ್ಕಳಿಗೆ ತಿಳಿಯಲಿ ಎಂದು.

ಅಪ್ಪ ತೀರಿಕೊಂಡದ್ದು 2003ರಲ್ಲಿ. ಅಲ್ಲಿಯವರೆಗೆ ಮನೆಯ ಕಾಗದವೆಲ್ಲ ಅವರದೇ ಕೈಬರಹ. ಕೊನೆಯ ಮಡಿಕೆಯಲ್ಲಿ ‘ನಿನ್ನ ತಾಯಿಯ ಆಶೀರ್ವಾದಗಳು’ ಎಂದು ಅವರೇ ಸೇರಿಸುತ್ತಿದ್ದರು. ಅಪ್ಪ ಹೋದ ಮೇಲೆ ನೆಂಟರಿಂದ ಬಂದ ಕೆಲವು ಕಾಗದಗಳಲ್ಲಿ ಅಮ್ಮನ ಹೆಸರಿನ ಹಿಂದೆ ‘ಸೌ.’ ಹೋಗಿ ‘ಗಂ. ಭಾ.’ ಬಂತು. ಗಂಗಾಭಾಗೀರಥಿ ಎಂದು ಬಿಡಿಸಿ ಹೇಳಿದರೆ ಪುಣ್ಯನದಿಗಳ ಹೆಸರು, ಹೆಂಗಸಿನ ಹೆಸರಿನ ಹಿಂದೆ ಬಂದರೆ ಗಂಡನಿಲ್ಲದವಳು ಎಂಬ ಡಂಗುರ. ಗಂಡಸಿನ ಹೆಸರಿಗೆ ಹೆಂಡತಿ ಇದ್ದರೂ ಇಲ್ಲದಿದ್ದರೂ ಒಂದೇ ‘ಶ್ರೀ’. ಅಮ್ಮ ಏನೂ ಅನ್ನಲಿಲ್ಲ. ಮೂರು ತಿಂಗಳಾದ ಮೇಲೆ ನನಗೆ ಒಂದು ಕಾರ್ಡು ಬಂತು. ಅಂಕುಡೊಂಕಾದ ಅಕ್ಷರ, ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಜಾರಿದ್ದವು. ‘ಮಾವಿನಮಿಡಿ ಉಪ್ಪಿಗೆ ಹಾಕಿದೇನೆ. ಬಂದಾಗ ತಗೊಂಡು ಹೋಗು. ಇತಿ ನಿನ್ನ ಅಮ್ಮ’. ಅದರ ಕೆಳಗೆ ತನ್ನ ಹೆಸರು, ಹಿಂದೆ ಮುಂದೆ ಏನೂ ಇಲ್ಲದೆ. ಅಮ್ಮನ ಹೆಸರನ್ನು ಅಮ್ಮನ ಕೈಬರಹದಲ್ಲಿ ನಾನು ನೋಡಿದ್ದು ಅದೇ ಮೊದಲು. ಅಪ್ಪನ ಪತ್ನಿ, ನಮ್ಮ ತಾಯಿ ಎಂದು ಇಷ್ಟು ವರ್ಷ ಬೇರೆಯವರ ಕಾಗದದ ಮೂಲೆಯಲ್ಲಿ ಇದ್ದವಳು ಎಪ್ಪತ್ತರ ಹತ್ತಿರದಲ್ಲಿ ತಾನೇ ಒಂದು ಸಾಲು ಹಿಡಿದು ನಿಂತಿದ್ದಳು. ‘ಗಂ. ಭಾ.’ ಎಂಬುದನ್ನು ನಾನು ಯಾವ ಮಗುವಿಗೂ ಹೇಳಿಕೊಟ್ಟಿಲ್ಲ. ಪುಸ್ತಕದಲ್ಲಿ ಸಿಕ್ಕಿದರೂ ಅರ್ಥ ಹೇಳಿ ಮುಂದೆ ಹೋಗುತ್ತೇನೆ.

ಈಗ ಕಾಗದವೇ ಅಪರೂಪ. 1879ರ ಜುಲೈ 1ರಂದು ಕಾಲಾಣೆಗೆ ಈ ದೇಶದಲ್ಲಿ ಶುರುವಾದ ಅಂಚೆ ಕಾರ್ಡು ನಮ್ಮ ಮಕ್ಕಳಿಗೆ ಪಾಠದ ವಸ್ತುವಾಗಿದೆ. ಪದಕ್ಕಿಷ್ಟು ಎಂದು ಕಾಸು ಎಣಿಸುವ ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತುಹೋಯಿತು. ಅದರಲ್ಲಿ ‘ಇತಿ ನಿಮ್ಮ’ ಬರೆಯಲು ಯಾರಿಗೆ ಕಾಸಿತ್ತು? ಹೆಸರೊಂದೇ ಇರುತ್ತಿತ್ತು. ಅದಕ್ಕೇ ಇರಬೇಕು, ಟೆಲಿಗ್ರಾಂ ಬಂದರೆ ಒಡೆಯುವ ಮೊದಲೇ ಮನೆಯವರ ಕೈ ನಡುಗುತ್ತಿತ್ತು. ಇಂದಿನ ಫೋನಿನ ಸಂದೇಶಗಳಿಗೂ ಕೊನೆಯಿಲ್ಲ. ಬೆಂಗಳೂರಿನ ಆಫೀಸಿನಲ್ಲಿರುವ ನನ್ನ ಮಗಳು ದಿನಕ್ಕೆ ಐವತ್ತು ಇ-ಮೇಲಿನ ಕೆಳಗೆ ‘ರಿಗಾರ್ಡ್ಸ್’ ಎಂದು ಹಾಕುತ್ತಾಳಂತೆ, ಅದೂ ತಾನಾಗಿಯೇ ಬಂದು ಕೂರುತ್ತದಂತೆ. ನನಗೆ ಕಳಿಸುವ ಸಂದೇಶದ ಕೆಳಗೆ ಮಾತ್ರ ಕೈಮುಗಿದ ಚಿತ್ರವೋ ಹೃದಯದ ಚಿತ್ರವೋ ಇರುತ್ತದೆ. ನಾನೇನೂ ಬೇಸರಪಟ್ಟುಕೊಳ್ಳುವುದಿಲ್ಲ. ಒಂದು ದಿನ ಯಾವ ಚಿತ್ರವೂ ಇಲ್ಲದೆ ‘ಊಟ ಆಯ್ತು’ ಎಂದಷ್ಟೇ ಬಂದರೆ ಅಮ್ಮನ ಹಾಗೆಯೇ ಬೆರಳಿಟ್ಟು ನೋಡುತ್ತೇನೆ, ಆಮೇಲೆ ಫೋನು ಮಾಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗಿರುವುದಿಲ್ಲ. ಹತ್ತನೆಯ ಸಲಕ್ಕಾಗಿಯೇ ತಾಯಂದಿರು ಇರುವುದು.

ಅಂಚೆ ಇಲಾಖೆಯವರು 2017ರಲ್ಲಿ ‘ಢಾಯಿ ಆಖರ್’ ಎಂಬ ಪತ್ರ ಬರೆಯುವ ಸ್ಪರ್ಧೆ ಆರಂಭಿಸಿದಾಗಿನಿಂದ ನಮ್ಮ ಶಾಲೆಯಲ್ಲೂ ಆಗೊಮ್ಮೆ ಈಗೊಮ್ಮೆ ಇನ್‌ಲ್ಯಾಂಡುಗಳು ಕಾಣಿಸಿಕೊಂಡಿವೆ. ಮಡಿಸುವುದು ಹೇಗೆ ಎಂದು ಹೇಳಿಕೊಡುವುದಕ್ಕೇ ಒಂದು ಪೀರಿಯಡ್ಡು ಬೇಕು. ಹಾಗೆ ಉಳಿದ ಇನ್‌ಲ್ಯಾಂಡುಗಳನ್ನು ಹೋದ ವರ್ಷ ಎಂಟನೆಯ ತರಗತಿಗೆ ಹಂಚಿ, ಮನೆಯವರಲ್ಲಿ ದೂರದಲ್ಲಿರುವ ಒಬ್ಬರಿಗೆ ನಿಜವಾದ ಕಾಗದ ಬರೆಯಿರಿ ಎಂದೆ. ಕೊನೆಯ ಸಾಲನ್ನು ಬೋರ್ಡಿನಲ್ಲಿ ಬರೆಯಲಿಲ್ಲ, ನೀವೇ ಯೋಚಿಸಿ ಎಂದೆ. ಒಬ್ಬ ಹುಡುಗಿಯ ತಂದೆ ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋದವರು ಹಬ್ಬಕ್ಕಷ್ಟೇ ಬರುತ್ತಾರೆ. ಅವಳು ತುಂಬ ಹೊತ್ತು ಪೆನ್ನು ಕಚ್ಚುತ್ತ ಕೂತಿದ್ದು, ಕೊನೆಗೆ ಬರೆದು ತಂದುಕೊಟ್ಟಳು. ‘ಇಂತಿ ಹೊತ್ತಿಗೆ ಸರಿಯಾಗಿ ಊಟ ಮಾಡಿ ಎನ್ನುವ ನಿಮ್ಮ ಮಗಳು’.

ಪರೀಕ್ಷೆಯ ಲೆಕ್ಕದಲ್ಲಿ ಮುಕ್ತಾಯಕ್ಕೆ ನಾವು ಕೊಡುವುದು ಅರ್ಧ ಅಂಕ. ನಾನು ಕೆಂಪು ಪೆನ್ನಿನ ಮುಚ್ಚಳ ಹಾಕಿ, ಇನ್‌ಲ್ಯಾಂಡಿನ ಅಂಚಿಗೆ ಅಂಟು ಹಚ್ಚುವುದನ್ನು ಅವಳಿಗೆ ತೋರಿಸಿಕೊಟ್ಟೆ.